ಕೊಂಬು ಅಲುಗದ ಹಾಗೆ ಹಿಡಿಯಲು ಯಾವುದು ಸರಿ: ವೈಸ್, ಬಿರಡೆ, ಕಾಲ್ಪಟ್ಟಿ, ಮರಳುಚೀಲ?

ಎಮ್ಮೆ ಕೊಂಬಿನಲ್ಲಿ ಚಮಚವೋ, ಬಾಚಣಿಗೆಯೋ, ಚಾಕುವಿನ ಹಿಡಿಯೋ ಮಾಡಲು ಹೊರಟವರು ಮೊದಲು ಕೇಳುವುದು ಅರ, ಗರಗಸ, ಉಳಿಗಳ ಬಗ್ಗೆ. ಎರಡು ವಾರ ಕಳೆದ ಮೇಲೆ ಎಲ್ಲರ ಪ್ರಶ್ನೆಯೂ ಒಂದೇ ಆಗುತ್ತದೆ. ಈ ಕೊಂಬನ್ನು ಅಲುಗದ ಹಾಗೆ ಹಿಡಿಯುವುದು ಹೇಗೆ?

ಈ ವರ್ಷ ಮೂವರು ನನ್ನನ್ನು ಇದನ್ನೇ ಕೇಳಿದರು. ಒಬ್ಬ ಗೆಳೆಯ ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದಾನೆ, ಬಾಲ್ಕನಿಯೇ ಅವನ ಕೆಲಸದ ಜಾಗ. ನನ್ನ ದೊಡ್ಡಮ್ಮನ ಮಗಳು, ಅಕ್ಕ, ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಅವಳಿಗೆ ಕೊಟ್ಟಿಗೆ ಪಕ್ಕ ಬೇಕಾದಷ್ಟು ಜಾಗ ಇದೆ. ಮೂರನೆಯವರು ನಮ್ಮೂರಿನ ನಿವೃತ್ತ ಮೇಷ್ಟ್ರು. ಅವರ ಕೈ ಇನ್ನೂ ಚುರುಕಾಗಿದೆ, ಆದರೆ ಮಂಡಿ ನೋವು. ನೆಲದ ಮೇಲೆ ಕೂರಲು ಆಗುವುದಿಲ್ಲ.

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ದುಡ್ಡು ಹಾಳು. ಅದಕ್ಕೇ ನಾನು ಬಳಸಿ ನೋಡಿದ ದಾರಿಗಳನ್ನೆಲ್ಲ ಅಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ನಿಮ್ಮ ಜಾಗ, ನಿಮ್ಮ ದೇಹ, ನೀವು ಮಾಡಬೇಕೆಂದಿರುವ ವಸ್ತು ನೋಡಿಕೊಂಡು ನೀವೇ ಆರಿಸಿಕೊಳ್ಳಬಹುದು.

ಕೊಂಬು ಯಾಕೆ ಕೈಗೆ ನಿಲ್ಲುವುದಿಲ್ಲ

ಮರದ ತುಂಡಿಗೆ ಎದುರುಬದುರು ಎರಡು ಚಪ್ಪಟೆ ಮುಖ ಇರುತ್ತವೆ. ಇಲ್ಲದಿದ್ದರೆ ಎರಡು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಕೊಂಬಿಗೆ ಅಂಥ ಜೋಡಿ ಮುಖ ಇಲ್ಲ. ಬುಡದಿಂದ ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಬಾಗಿರುತ್ತದೆ. ಎಷ್ಟೋ ಸಲ ಸ್ವಲ್ಪ ತಿರುಚಿಕೊಂಡೂ ಇರುತ್ತದೆ. ಇದರ ಜೊತೆಗೆ ಬುಡದ ಕಡೆ ಪೊಳ್ಳು. ಬದುಕಿದ್ದ ಎಮ್ಮೆಯಲ್ಲಿ ಆ ಪೊಳ್ಳಿನೊಳಗೆ ಎಲುಬು ತುಂಬಿರುತ್ತದೆ. ಎಲುಬು ತೆಗೆದ ಮೇಲೆ ಉಳಿಯುವುದು ಕೆರಾಟಿನ್‌ನ ಕವಚ ಮಾತ್ರ. ನಮ್ಮ ಉಗುರು, ಕೂದಲು ಆಗಿರುವುದೂ ಅದರಿಂದಲೇ. ಉಗುರಿನ ಹಾಗೆಯೇ ಇದೂ ಪದರ ಪದರವಾಗಿ ಬೆಳೆದಿರುತ್ತದೆ. ತಪ್ಪು ಕಡೆಯಿಂದ ಒತ್ತಿದರೆ ಪದರದ ಉದ್ದಕ್ಕೆ ಸೀಳಿಕೊಳ್ಳುತ್ತದೆ.

ನನ್ನ ಮೊದಲ ಒಳ್ಳೆಯ ಕೊಂಬು ಹೋದದ್ದು ಹಾಗೆಯೇ. ಒಂದು ಅಡಿಗಿಂತ ಉದ್ದ, ಕಪ್ಪು, ನಡುವೆ ತೆಳುವಾದ ಬೂದು ಗೆರೆ. ಬುಡದ ಕಡೆ ವೈಸಿಗೆ (ಸ್ಕ್ರೂ ತಿರುಗಿಸಿ ಎರಡು ದವಡೆಗಳ ನಡುವೆ ಬಿಗಿಯಾಗಿ ಹಿಡಿಯುವ ಕಬ್ಬಿಣದ ಸಾಧನ) ಕೊಟ್ಟು ತುದಿಗೆ ಅರ ಹಾಕುತ್ತಿದ್ದೆ. ಅಲುಗುತ್ತಿದೆ ಅನ್ನಿಸಿತು, ಇನ್ನೊಂದು ಕಾಲು ಸುತ್ತು ಬಿಗಿ ಮಾಡಿದೆ. ಟಿಕ್ ಅಂತ ಸಣ್ಣ ಸದ್ದು ಬಂತು. ಬಾಯಿಯಿಂದ ನಾಲ್ಕು ಇಂಚು ಒಳಕ್ಕೆ ಸೀಳು ಹೋಗಿತ್ತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಸೈಕಲ್ ಚಕ್ರದ ಹಳೆ ಕಡ್ಡಿಯನ್ನು ಕೊಂಬಿನ ಬಾಗಿಗೆ ಸರಿಯಾಗಿ ಬಗ್ಗಿಸಿ ಒಳಗೆ ತೂರಿಸಿ. ಅದು ಎಲ್ಲಿ ತಡೆಯುತ್ತದೋ ಅಲ್ಲಿಗೆ ಪೊಳ್ಳು ಮುಗಿಯಿತು. ಕಡ್ಡಿ ಹೊರತೆಗೆದು ಅಷ್ಟೇ ಅಳತೆಯನ್ನು ಕೊಂಬಿನ ಹೊರಮೈ ಮೇಲೆ ಹಿಡಿದು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯಿಂದ ತುದಿಯ ಕಡೆಗೆ ಗಟ್ಟಿ, ಅಲ್ಲಿ ಬಿಗಿಯಾಗಿ ಹಿಡಿಯಬಹುದು. ಗೆರೆಯಿಂದ ಬುಡದ ಕಡೆಗೆ ಪೊಳ್ಳು, ಅಲ್ಲಿ ಹೊರಗಿನಿಂದ ಹಿಸುಕಲೇಬಾರದು. ಮುಂದೆ ಬರೆಯುವುದೆಲ್ಲ ಈ ಗೆರೆಯ ಮೇಲೆ ನಿಂತಿದೆ.

ಕೊಂಬು ತರುವ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕಾಡಿನಲ್ಲಿ ಬಿದ್ದು ಸಿಕ್ಕಿದ್ದಾದರೂ ಜಿಂಕೆ, ಕಡವೆ, ಕಾಟಿಯ ಕೊಂಬನ್ನು ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಹಾಗೆಯೇ, ಇದ್ದಕ್ಕಿದ್ದಂತೆ ಸತ್ತ ದನ, ಎಮ್ಮೆಗಳ ಕೊಂಬೂ ಬೇಡ. ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತಿದ್ದರೆ ಅದು ಕೊಂಬು, ತೊಗಲಿನ ಮೂಲಕ ಮನುಷ್ಯರಿಗೂ ಬರುತ್ತದೆ. ಕೊಂಬನ್ನು ಕುದಿಸಿದ್ದೇವೆ ಅಂತ ಧೈರ್ಯ ಮಾಡುವ ಹಾಗಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ನಾನು ಐದು ವಿಷಯ ನೋಡುತ್ತೇನೆ.

ಮೊದಲನೆಯದು ಬಲದ ದಿಕ್ಕು. ಗರಗಸ ಹಿಂದೆ ಮುಂದೆ ಎಳೆದಾಡುತ್ತದೆ. ಅರ ಮುಂದಕ್ಕೆ ತಳ್ಳುತ್ತದೆ. ಗಾಜಿನ ಚೂರಿನಲ್ಲೋ ಬ್ಲೇಡಿನಲ್ಲೋ ಹೆರೆಯುವಾಗ ನಮ್ಮ ಕಡೆಗೆ ಎಳೆಯುತ್ತೇವೆ. ಉಳಿಗೆ ಸುತ್ತಿಗೆ ಬಿದ್ದರೆ ಪೆಟ್ಟು ಮೇಲಿನಿಂದ. ಒಂದು ದಿಕ್ಕಿಗೆ ಕಲ್ಲಿನ ಹಾಗೆ ನಿಂತ ಕೊಂಬು ಇನ್ನೊಂದು ದಿಕ್ಕಿಗೆ ಸುಲಭವಾಗಿ ಜಾರುತ್ತದೆ.

ಎರಡನೆಯದು, ಹಿಡಿತ ಕೊಂಬಿಗೆ ಏನು ಮಾಡುತ್ತದೆ ಅನ್ನುವುದು. ಒಡೆಯುತ್ತದೆಯೋ, ಗುರುತು ಬೀಳುತ್ತದೆಯೋ, ಏನೂ ಆಗುವುದಿಲ್ಲವೋ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಎಷ್ಟು ಬೇಗ ತಿರುಗಿಸಬಹುದು? ದುಂಡಗಿನ, ಬಾಗಿದ ವಸ್ತುವಿಗೆ ಒಂದೇ ಕಡೆ ಐದು ನಿಮಿಷ ಅರ ಹಾಕಿದರೆ ಅಲ್ಲಿ ಚಪ್ಪಟೆ ಬೀಳುತ್ತದೆ. ಅರ್ಧ ನಿಮಿಷಕ್ಕೊಮ್ಮೆ ತಿರುಗಿಸಬೇಕು. ಪ್ರತಿ ಸಲ ಸ್ಕ್ರೂ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು ಅಂದರೆ ಬೇಸರವಾಗಿ ತಿರುಗಿಸುವುದನ್ನೇ ಬಿಡುತ್ತೇವೆ. ಆಕಾರ ಕೆಡುವುದು ಅಲ್ಲಿ.

ನಾಲ್ಕನೆಯದು ಎಡಗೈ. ಅದು ಬ್ಲೇಡಿನ ದಾರಿಯಲ್ಲಿದೆಯೋ, ಪಕ್ಕದಲ್ಲಿದೆಯೋ, ಪೂರ್ತಿ ಬಿಡುವಾಗಿದೆಯೋ? ಐದನೆಯದು ನಿಮ್ಮ ದೇಹ, ಜಾಗ, ದುಡ್ಡು. ಇವು ನಿಮಗೇ ಗೊತ್ತು.

ಇವೆಲ್ಲದರಲ್ಲೂ ಗೆಲ್ಲುವ ಒಂದೇ ಸಾಧನ ಇಲ್ಲ. ನಾನು ಅಂಥದ್ದನ್ನು ಹುಡುಕುತ್ತಾ ಎರಡು ವರ್ಷ ಕಳೆದೆ. ಕೊಯ್ಯುವುದು, ಆಕಾರ ತರುವುದು, ನಯ ಮಾಡುವುದು, ಚಿತ್ತಾರ ಕೆತ್ತುವುದು ಎಲ್ಲ ಬೇರೆ ಬೇರೆ ಹಂತ. ಒಂದೊಂದಕ್ಕೂ ಬೇರೆ ಹಿಡಿತ ಬೇಕು. ನೀವು ಯಾವ ಹಂತದಲ್ಲಿ ಹೆಚ್ಚು ಹೊತ್ತು ಕಳೆಯುತ್ತೀರೋ ಅದಕ್ಕೆ ದುಡ್ಡು ಹಾಕಿ. ಉಳಿದ ಹಂತಗಳಿಗೆ ಮನೆಯಲ್ಲಿ ಇರುವುದೇ ಸಾಕು.

ವೈಸ್

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಜೀವಮಾನ ಪೂರ್ತಿ ಬಾಳುತ್ತದೆ. ನಾನು ತಂದ ನಾಲ್ಕು ಇಂಚಿನದಕ್ಕೆ 1,800 ರೂಪಾಯಿ ಕೊಟ್ಟಿದ್ದೆ. ಗರಗಸದ ಕೆಲಸಕ್ಕೆ ಇಷ್ಟು ಬಿಗಿಯಾದದ್ದು ಬೇರೆ ಇಲ್ಲ.

ತೊಂದರೆ ಇರುವುದು ಅದರ ದವಡೆಯಲ್ಲಿ. ಎರಡು ದವಡೆಗಳೂ ನೆಟ್ಟಗೆ ಎದುರುಬದುರು. ಕೊಂಬು ಇಳಿಜಾರು. ಹಾಗಾಗಿ ದವಡೆ ಕೊಂಬನ್ನು ಮುಟ್ಟುವುದು ಎರಡೇ ಎರಡು ಚುಕ್ಕೆಗಳಲ್ಲಿ. ಅರ ತಳ್ಳಿದ ಕೂಡಲೇ ಆ ಚುಕ್ಕೆಗಳ ಮೇಲೆ ಕೊಂಬು ತಿರುಗಿಬಿಡುತ್ತದೆ. ತಿರುಗಿತು ಅಂತ ಇನ್ನಷ್ಟು ಬಿಗಿ ಮಾಡುತ್ತೀರಿ. ಪೊಳ್ಳು ಭಾಗವಾದರೆ ಸೀಳುತ್ತದೆ. ಗಟ್ಟಿ ಭಾಗವಾದರೆ ದವಡೆಯ ಹಲ್ಲು ಅಚ್ಚೊತ್ತುತ್ತದೆ. ಆ ಅಚ್ಚು ಹೋಗಬೇಕಾದರೆ ಸುತ್ತಲಿನ ಒಳ್ಳೆಯ ಕೊಂಬನ್ನೂ ಅಷ್ಟೇ ಆಳಕ್ಕೆ ತೆಗೆಯಬೇಕು.

ಇದಕ್ಕೆ ಪರಿಹಾರ ಇದೆ, ಖರ್ಚೂ ಇಲ್ಲ. ಮೆದು ಮರದ ಎರಡು ಸಣ್ಣ ಹಲಗೆ ತೆಗೆದುಕೊಳ್ಳಿ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಆದರೂ ಆಯಿತು, ಸಿಲ್ವರ್ ಓಕ್ ಆದರೂ ಆಯಿತು. ಒಂದೊಂದರ ಮುಖದ ಮೇಲೂ ಅಡ್ಡಕ್ಕೆ ಅಗಲವಾದ ಕಾಲುವೆ ತೆಗೆದು ಹಳೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಆಮೇಲೆ ಒಂದು ಹಲಗೆಯ ಬೆನ್ನಿಗೆ, ನಟ್ಟನಡುವೆ, ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ನಿಲುವಾಗಿ ಅಂಟಿಸಿ. ಈಗ ಆ ಹಲಗೆ ಕಡ್ಡಿಯ ಮೇಲೆ ಆಚೀಚೆ ವಾಲುತ್ತದೆ, ಕೊಂಬಿನ ಇಳಿಜಾರಿಗೆ ತಾನೇ ಹೊಂದಿಕೊಳ್ಳುತ್ತದೆ. ಎರಡು ಚುಕ್ಕೆಯ ಬದಲು ಉದ್ದಕ್ಕೂ ಹಿಡಿತ ಸಿಗುತ್ತದೆ. ಇಷ್ಟು ಮಾಡಿಕೊಂಡರೆ ಕೊಂಬಿನ ಗಟ್ಟಿ ತುದಿಯನ್ನು ವೈಸಿನಲ್ಲಿ ಧೈರ್ಯವಾಗಿ ಹಿಡಿಯಬಹುದು.

ತಿರುಗಿಸುವ ವಿಷಯದಲ್ಲಿ ಮಾತ್ರ ವೈಸ್ ನಿಧಾನ. ಅದಕ್ಕೆ ಭಾರವಾದ ಮೇಜೂ ಬೇಕು, ಬೋಲ್ಟೂ ಹಾಕಬೇಕು. ಬಾಡಿಗೆ ಮನೆಯಲ್ಲಿ ಊಟದ ಮೇಜಿಗೆ ತೂತು ಹೊಡೆಯುವವರು ಯಾರು? ಮೇಜಿನ ಅಂಚಿಗೆ ಸ್ಕ್ರೂನಿಂದ ಕಚ್ಚಿಸುವ ಸಣ್ಣ ವೈಸ್ ಸಿಗುತ್ತದೆ. ಅದರಲ್ಲಿ ಇಡೀ ಕೊಂಬು ಹಿಡಿಯಲು ಆಗದು. ಈಗ ಹೇಳುವ ಬಿರಡೆಯ ಜೊತೆ ಮಾತ್ರ ಅದು ಚೆನ್ನಾಗಿ ಹೊಂದುತ್ತದೆ.

ಚಪ್ಪಟೆ ತುಂಡಿನ ಕೆಲಸವಾದರೆ ಮಾತು ಬೇರೆ. ಕೊಂಬನ್ನು ಬಿಸಿ ಮಾಡಿ ಚಪ್ಪಟೆಯಾಗಿ ಒತ್ತಿ, ಬಾಚಣಿಗೆಗೋ ಚಾಕುವಿನ ಹಿಡಿಗೋ ಪಟ್ಟಿ ಮಾಡಿಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಆಗ ಮೇಲೆ ಹೇಳಿದ ತಾಪತ್ರಯ ಯಾವುದೂ ಇಲ್ಲ. ವೈಸ್, ಎರಡು ಹಲಗೆ ಸಾಕು. ಬರೀ ಪಟ್ಟಿಗಳ ಕೆಲಸವೇ ನಿಮ್ಮದಾದರೆ ಉಳಿದದ್ದನ್ನು ಓದದೆ ವೈಸ್ ತಂದುಬಿಡಿ.

ಬಿರಡೆ

ಹೊಸಬರಿಗೆ ಯಾವುದಾದರೂ ಒಂದೇ ಹೇಳಿ ಅಂದರೆ ನಾನು ಇದನ್ನು ಹೇಳುತ್ತೇನೆ. ಕೊಂಬನ್ನು ಹೊರಗಿನಿಂದ ಹಿಸುಕುವ ಬದಲು ಒಳಗಿನಿಂದ ಹಿಡಿಯುವುದು. ಬುಡದ ಪೊಳ್ಳಿಗೆ ಮರದ ಬಿರಡೆ ಹಾಕಿ, ಬಿರಡೆಯ ಬಾಲವನ್ನು ನಾಲ್ಕು ಇಂಚು ಹೊರಗೆ ಬಿಡಿ. ಆ ಬಾಲವನ್ನು ಚೌಕವಾಗಿ ಕೆತ್ತಿ. ವೈಸಿಗೋ ಸಿ ಕ್ಲಾಂಪಿಗೋ (ಇಂಗ್ಲಿಷಿನ C ಆಕಾರದ, ಸ್ಕ್ರೂನಿಂದ ಬಿಗಿ ಮಾಡುವ ಕಬ್ಬಿಣದ ಹಿಡಿ) ಕೊಡುವುದು ಆ ಮರದ ಬಾಲವನ್ನು, ಕೊಂಬನ್ನಲ್ಲ. ಕೊಂಬಿನ ಹೊರಮೈ ಪೂರ್ತಿ ಬಯಲಾಗಿರುತ್ತದೆ. ಎಲ್ಲಿ ಬೇಕೋ ಅಲ್ಲಿ ಅರ ಹಾಕಬಹುದು. ಒಂದು ಗುರುತೂ ಬೀಳುವುದಿಲ್ಲ. ಬಾಲ ಚೌಕವಾಗಿರುವುದರಿಂದ ಕಾಲು ಸುತ್ತು ತಿರುಗಿಸಿ ಮತ್ತೆ ಹಿಡಿಯುವುದೂ ಸುಲಭ. ಎಂಟು ಮುಖ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಬಿರಡೆ ಸರಿಯಾಗಿ ಕೂರಬೇಕು. ಕೊಂಬಿನ ಬಾಯಿ ದುಂಡಗಿರುವುದಿಲ್ಲ. ಎಮ್ಮೆ ಕೊಂಬಂತೂ ಒಂದು ಕಡೆ ಚಪ್ಪಟೆ. ಎರಡು ದಾರಿ ಇವೆ. ಬಿರಡೆಯನ್ನೇ ಬಾಯಿಯ ಆಕಾರಕ್ಕೆ ಕೆತ್ತುವುದು ಒಂದು. ಬುಡವನ್ನು ಕುದಿಯುವ ನೀರಿನಲ್ಲಿ ಇಳಿಬಿಟ್ಟು, ಅಂಚು ಮೆದುವಾದ ಮೇಲೆ ದುಂಡನೆಯ ಮರದ ಶಂಕುವನ್ನು ಒತ್ತಿ, ಹಾಗೇ ಆರಲು ಬಿಡುವುದು ಇನ್ನೊಂದು. ಕೊಂಬು ಬಿಸಿಗೆ ಬಾಗುತ್ತದೆ, ಆರಿದರೆ ಹಾಗೇ ನಿಲ್ಲುತ್ತದೆ. ಬಾಯಿ ದುಂಡಗಾದರೆ ಆಮೇಲೆ ಮುಚ್ಚಳ ಮಾಡಲೂ ಅನುಕೂಲ. ಎಮ್ಮೆ ಕೊಂಬಿನ ದಪ್ಪ ಅಂಚಿಗೆ ನಾನು ಮೊದಲನೆಯದನ್ನೇ ಮಾಡುತ್ತೇನೆ. ತೆಳು ಅಂಚಿನ ಎತ್ತಿನ ಕೊಂಬಿಗೆ ಎರಡನೆಯದು.

ಬಿರಡೆಯನ್ನು ಸುತ್ತಿಗೆಯಿಂದ ಹೊಡೆದು ತುರುಕಬೇಡಿ. ಅದೂ ಒಂದು ಬೆಣೆಯೇ, ಕೊಂಬನ್ನು ಸೀಳುತ್ತದೆ. ಕೈಯಲ್ಲಿ ಒತ್ತಿ ಕೂರಿಸಿ. ಅಂಚಿನಿಂದ ಅರ್ಧ ಇಂಚು ಒಳಗೆ ಎದುರುಬದುರು ಎರಡು ಸಣ್ಣ ತೂತು ಕೊರೆದು, ಬಿರಡೆಯವರೆಗೂ ಬಿದಿರಿನ ಮೊಳೆ ಹಾಕಿ. ಈ ಅಂಚು ಕೊನೆಗೆ ಕೊಯ್ದು ಎಸೆಯುವ ಭಾಗ. ಆದ್ದರಿಂದ ಶುರುವಿನಲ್ಲೇ ಬುಡದಲ್ಲಿ ಒಂದು ಇಂಚು ಜಾಸ್ತಿ ಬಿಟ್ಟುಕೊಂಡಿರಬೇಕು.

ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಬಿರಡೆಯನ್ನು ಕೊಂಬಿನಲ್ಲೇ ಬಿಟ್ಟು ವಾರಗಟ್ಟಲೆ ಮೂಲೆಗಿಡಬೇಡಿ. ಮರ ನೀರು ಹೀರಿ ಉಬ್ಬುತ್ತದೆ. ಒಂದು ಆಷಾಢದಲ್ಲಿ ಹೀಗೆ ಬಿಟ್ಟಿದ್ದ ನನ್ನ ಕೊಂಬಿನ ಬಾಯಿ ಎರಡು ಕಡೆ ಬಿರಿದಿತ್ತು. ಸಂಜೆ ಕೆಲಸ ಮುಗಿದ ಮೇಲೆ ಬಿದಿರಿನ ಮೊಳೆ ಹಿಂದಕ್ಕೆಳೆದು ಬಿರಡೆ ಸಡಿಲ ಮಾಡಿಡಿ.

ಕೊರತೆಯೂ ಇದೆ. ಕೊಂಬು ಉದ್ದವಾಗಿದ್ದರೆ ತುದಿ ಗಾಳಿಯಲ್ಲಿ ತೂಗುತ್ತದೆ, ಅರ ಹಾಕಿದರೆ ನಡುಗುತ್ತದೆ. ತುದಿಯ ಕೆಳಗೆ ಮರದ ತುಂಡೋ ಮರಳುಚೀಲವೋ ಆನಿಸಬೇಕು. ಬುಡವನ್ನು ಕೊಯ್ದು ತೆಗೆದು ಬರೀ ಗಟ್ಟಿ ತುದಿಯಲ್ಲಿ ಕೆಲಸ ಮಾಡುವವರಿಗೆ ಬಿರಡೆ ಹಾಕಲು ಪೊಳ್ಳೇ ಇರುವುದಿಲ್ಲ. ಕೊಯ್ಯುವಾಗಲೇ ಎರಡು ಇಂಚು ಪೊಳ್ಳು ಉಳಿಸಿಕೊಂಡರೆ ಆ ತೊಂದರೆ ತಪ್ಪುತ್ತದೆ.

ಕಾಲ್ಪಟ್ಟಿ

ಕಾಲನ್ನೇ ಮೂರನೇ ಕೈ ಮಾಡಿಕೊಳ್ಳುವುದು ನಮ್ಮ ಕಸುಬುದಾರರಿಗೆ ಹೊಸದಲ್ಲ. ಬಿಲ್ಲು ಎಳೆದು ಮರ ಕಡೆಯುತ್ತಿದ್ದವರು ಕಾಲ್ಬೆರಳಲ್ಲಿ ಉಳಿ ಒತ್ತಿಕೊಳ್ಳುತ್ತಿದ್ದರು. ಬಡಗಿಗಳು ನೆಲಕ್ಕೆ ಕೂತು ಪಾದದಲ್ಲಿ ಹಲಗೆ ಅದುಮಿ ಕೊಯ್ಯುವುದನ್ನು ನೀವೂ ನೋಡಿರುತ್ತೀರಿ. ಕಾಲ್ಪಟ್ಟಿ ಅದೇ ಜಾತಿಯದು.

ಒಂದು ಗಟ್ಟಿ ಮರದ ತುಂಡಿನಲ್ಲಿ ಉದ್ದಕ್ಕೆ ತೊಟ್ಟಿಲಿನ ಹಾಗೆ ಕಾಲುವೆ ತೆಗೆಯಿರಿ. ಅದನ್ನು ಗಿಡ್ಡ ಬೆಂಚಿನ ಮೇಲೆ ಮೊಳೆ ಹೊಡೆದು ಕೂರಿಸಿ. ಕಾಲುವೆಯ ಎರಡೂ ಪಕ್ಕ ಬೆಂಚಿಗೆ ಸೀಳು ತೂತು ಮಾಡಿ, ಹಳೆ ಬ್ಯಾಗಿನ ಪಟ್ಟಿಯನ್ನು ತೂರಿಸಿ ಕೆಳಗೆ ಕುಣಿಕೆ ಮಾಡಿ. ಕೊಂಬು ಕಾಲುವೆಯಲ್ಲಿ, ಪಟ್ಟಿ ಅದರ ಮೇಲೆ, ಕುಣಿಕೆಯಲ್ಲಿ ಪಾದ. ಕಾಲು ಒತ್ತಿದರೆ ಬಿಗಿ, ಎತ್ತಿದರೆ ಸಡಿಲ. ಅಷ್ಟೇ.

ತಿರುಗಿಸುವ ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಎರಡು ಸಲ ಹೆರೆ, ಕಾಲೆತ್ತು, ಸ್ವಲ್ಪ ತಿರುಗಿಸು, ಮತ್ತೆ ಒತ್ತು. ಸ್ವಲ್ಪ ದಿನದಲ್ಲಿ ಕಾಲು ತಾನಾಗೇ ಮಾಡುತ್ತದೆ, ಯೋಚನೆಯೇ ಬೇಡ. ಪಟ್ಟಿ ಮೆದುವಾಗಿರುವುದರಿಂದ ಕೊಂಬಿನ ಬಾಗಿಗೆ ಸುತ್ತಿಕೊಳ್ಳುತ್ತದೆ. ಪೊಳ್ಳು ಭಾಗದ ಮೇಲೂ ಹಾಕಬಹುದು, ಒತ್ತಡ ಒಂದೇ ಕಡೆ ಬೀಳುವುದಿಲ್ಲ. ಎರಡೂ ಕೈ ಬಿಡುವು. ಹೆರೆಯುವ ಕೆಲಸಕ್ಕೆ, ಗಾಜಿನ ಚೂರು ಹಾಕುವುದಕ್ಕೆ, ಪಾಲಿಶ್ ಪೇಪರಿನಲ್ಲಿ ಉಜ್ಜುವುದಕ್ಕೆ ನಾನು ಈಗ ಬೇರೆ ಏನನ್ನೂ ಬಳಸುವುದಿಲ್ಲ. ನನಗೆ ಖರ್ಚಾದದ್ದು ಪಟ್ಟಿಗೆ ಕೊಟ್ಟ 40 ರೂಪಾಯಿ.

ನಮ್ಮ ಕಡೆಗೆ ಎಳೆಯುವಾಗ ಕೊಂಬು ನಮ್ಮ ಹೊಟ್ಟೆಯ ಕಡೆ ಜಾರಿ ಬರುತ್ತದೆ. ಅದಕ್ಕೆ ಕಾಲುವೆಯ ನಮ್ಮ ಕಡೆಯ ಕೊನೆಗೆ ಒಂದು ಗೂಟ ಬಡಿಯಲೇಬೇಕು. ಗೂಟ ಇಲ್ಲದೆ ಬ್ಲೇಡ್ ಎಳೆಯಬೇಡಿ. ಸುತ್ತಿಗೆಯ ಕೆಲಸಕ್ಕೆ ಇದು ಆಗದು, ಪೆಟ್ಟಿಗೆ ಕೊಂಬು ಪುಟಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ಮೀನಖಂಡ ಸೋಲುತ್ತದೆ, ಎದ್ದು ಓಡಾಡಬೇಕು. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂತು, ಎತ್ತರದ ಮೇಜಿನಿಂದ ಉದ್ದ ಪಟ್ಟಿ ಇಳಿಬಿಟ್ಟು ನೋಡಬಹುದು. ಆಗ ಕಾಲಿನ ಭಾರವೇ ಕೆಲಸ ಮಾಡುತ್ತದೆ, ಮಂಡಿಯನ್ನು ಜಾಸ್ತಿ ಮಡಿಸಬೇಕಾಗಿಲ್ಲ. ಆದರೂ ನೋವು ಬಂದರೆ ಬಿಟ್ಟುಬಿಡಿ.

ಇದನ್ನೇ ದೊಡ್ಡದಾಗಿ, ಪಟ್ಟಿಯ ಬದಲು ಮರದ ತೋಳು ಇಟ್ಟು ಮಾಡಿದರೆ ಯುರೋಪಿನ ಮರಗೆಲಸದವರ ಕುದುರೆ ಬೆಂಚು ಆಗುತ್ತದೆ. ಕುದುರೆ ಹತ್ತಿದ ಹಾಗೆ ಕೂತು, ಕಾಲಿನಿಂದ ತೋಳನ್ನು ತಳ್ಳಿದರೆ ಅದರ ತಲೆ ಬಂದು ಕೆಲಸದ ತುಂಡನ್ನು ಅದುಮುತ್ತದೆ. ಕಾಲ್ಪಟ್ಟಿಗಿಂತ ಬಿಗಿ, ಕಾಲಿಗೂ ಆಯಾಸ ಕಡಿಮೆ. ಆದರೆ ಐದಾರು ಅಡಿ ಜಾಗ ಬೇಕು, ಒಳ್ಳೆಯ ಮರ ಬೇಕು, ಮಾಡಲು ಎರಡು ಮೂರು ದಿನ ಬೇಕು. ವರ್ಷಕ್ಕೆ ನಾಲ್ಕು ಕೊಂಬು ಮಾಡುವವರಿಗೆ ಸುಮ್ನೆ ದಂಡ.

ಮರಳುಚೀಲ

ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಜರಡಿ ಹಿಡಿದ ಒಣ ಮರಳು ತುಂಬಿ, ಎರಡೂ ಬಾಯಿ ಹೊಲಿಯಿರಿ. ಮೂರು ನಾಲ್ಕು ಕಿಲೋ ತೂಗಬೇಕು. ಪೂರ್ತಿ ಗಿಡಿದು ತುಂಬಬೇಡಿ, ಮುಕ್ಕಾಲು ಸಾಕು. ಆಗ ಕೊಂಬನ್ನು ಒತ್ತಿದರೆ ಮರಳು ಸರಿದು ಅದರ ಮೈಗೆ ತಕ್ಕ ಗುಳಿಯಾಗುತ್ತದೆ.

ಇದು ಹಿಡಿಯುವುದಿಲ್ಲ, ಕೂರಿಸುತ್ತದೆ. ಹಿಡಿಯುವುದು ನಿಮ್ಮ ಎಡಗೈ. ಹಾಗಾಗಿ ಗರಗಸಕ್ಕೆ, ಜೋರಾಗಿ ಅರ ಹಾಕುವುದಕ್ಕೆ ಇದು ಬೇಡ. ಆದರೆ ಕೊಂಬಿನ ಮೇಲೆ ಬಳ್ಳಿಯೋ, ನವಿಲೋ, ಹೆಸರೋ ಕೊರೆಯುತ್ತಿದ್ದರೆ ಇದಕ್ಕಿಂತ ಹಿತವಾದದ್ದು ಇಲ್ಲ. ಬಾಗಿದ ಗೆರೆ ಕೊರೆಯುವಾಗ ಉಳಿಯನ್ನು ತಿರುಗಿಸುವುದಕ್ಕಿಂತ ಕೊಂಬನ್ನೇ ತಿರುಗಿಸಿದರೆ ಗೆರೆ ನಯವಾಗಿ ಬರುತ್ತದೆ. ಮರಳಿನ ಮೇಲೆ ಕೊಂಬು ಬೆಣ್ಣೆಯಂತೆ ತಿರುಗುತ್ತದೆ.

ಅಪಾಯ ಇರುವುದು ಎಡಗೈಗೆ. ನಯ ಮಾಡಿದ ಕೊಂಬಿನ ಮೇಲೆ ಉಳಿ ಜಾರುವುದು ಬಲು ಸುಲಭ. ಉಳಿಯ ಮೊನೆಯ ಮುಂದೆ ಎಡಗೈಯ ಯಾವ ಬೆರಳೂ ಇರಬಾರದು. ಎಡಗೈಗೆ ಬ್ಲೇಡ್ ತಡೆಯುವ ಗ್ಲೌಸ್ ಹಾಕಿ. ಗ್ಲೌಸ್ ಗೀರನ್ನು ತಡೆಯುತ್ತದೆ, ಚುಚ್ಚುವ ಮೊನೆಯನ್ನು ತಡೆಯುವುದಿಲ್ಲ. ಇದು ನೆನಪಿರಲಿ.

ಚಿತ್ತಾರದ ಕೆಲಸವನ್ನೇ ಕಸುಬು ಮಾಡಿಕೊಳ್ಳುವವರು ಲೋಹದ ಗುಂಡು ವೈಸ್ ಬಗ್ಗೆ ಕೇಳುತ್ತಾರೆ. ಲೋಹದ ಮೇಲೆ ಚಿತ್ತಾರ ಕೊರೆಯುವವರು ಬಳಸುವಂಥದ್ದು ಅದು. ಭಾರವಾದ ಗುಂಡಿನ ಮೇಲೆ ದವಡೆ ಇರುತ್ತದೆ, ಬೆರಳಿನಿಂದ ತಳ್ಳಿದರೆ ಸುತ್ತಲೂ ತಿರುಗುತ್ತದೆ. ಉಂಗುರ, ಗುಂಡಿ, ಸಣ್ಣ ಪದಕಕ್ಕೆ ಬಹಳ ಒಳ್ಳೆಯದು. ಆದರೆ ಅದಕ್ಕೆ ಹಲವು ಸಾವಿರ ರೂಪಾಯಿ ಬೇಕು, ಇಡೀ ಕೊಂಬು ಅದರಲ್ಲಿ ಕೂರುವುದೂ ಇಲ್ಲ. ಮೊದಲ ವರ್ಷ ಅದರ ಕಡೆ ನೋಡಬೇಡಿ.

ಸಣ್ಣ ತುಂಡುಗಳಿಗೆ

ಬೆರಳ ತುದಿಯಷ್ಟಿರುವ ತುಂಡಿಗೆ ಅಕ್ಕಸಾಲಿಗರ ದಾರಿಯೇ ಸರಿ. ಅವರು ಬಳಸುವ ಮರದ ಉಂಗುರ ಹಿಡಿ ಸಿಗುತ್ತದೆ. ಎರಡು ಮರದ ತುಟಿ, ಒಳಗೆ ತೊಗಲು, ಹಿಂದಿನಿಂದ ಬೆಣೆ ತಳ್ಳಿದರೆ ತುಟಿ ಮುಚ್ಚುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಬಡಗಿ ಕೆಲಸ ಬಲ್ಲವರು ಒಂದು ಮಧ್ಯಾಹ್ನದಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು.

ಇನ್ನೊಂದು ಅರಗು. ಮರದ ಕೋಲಿನ ತುದಿಗೆ ಅರಗು ಕರಗಿಸಿ ಹಚ್ಚಿ, ತುಂಡನ್ನು ಅದರ ಮೇಲೆ ಒತ್ತಿದರೆ ಆರಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಚಪ್ಪಟೆ ಗುಂಡಿಯ ಮೇಲೆ ಚಿತ್ತಾರ ಮಾಡಲು ಚೆನ್ನಾಗಿದೆ, ಯಾಕೆಂದರೆ ಮೇಲ್ಮೈ ಪೂರ್ತಿ ಬಯಲಿಗಿರುತ್ತದೆ. ಆದರೆ ಕೊಂಬಿಗೆ ನೇರ ಬೆಂಕಿ ತಾಗಿಸಬೇಡಿ. ಅರಗನ್ನು ಮಾತ್ರ ಬಿಸಿ ಮಾಡಿ. ಕೂದಲು ಸುಟ್ಟ ವಾಸನೆ ಬಂತು ಅಂದರೆ ಕೊಂಬು ಸುಡುತ್ತಿದೆ ಅಂತಲೇ ಅರ್ಥ.

ಅರ ನಿಲ್ಲಲಿ, ಕೊಂಬು ಓಡಾಡಲಿ

ಇದನ್ನು ನಾನು ಕಲಿತದ್ದು ಅಮ್ಮನ ಈಳಿಗೆ ಮಣೆಯಿಂದ. ಚಾಕು ಹಿಡಿದವರು ತರಕಾರಿಯನ್ನು ನಿಲ್ಲಿಸಿ ಚಾಕು ಓಡಿಸುತ್ತಾರೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕಾಲು ಮಣೆಯನ್ನು ಅದುಮಿರುತ್ತದೆ, ಎರಡೂ ಕೈ ತರಕಾರಿಯ ಮೇಲೆ. ಬಾಳೆಕಾಯಿಯ ಬಾಗು, ಹಲಸಿನ ತೊಳೆ, ಯಾವ ಆಕಾರವಾದರೂ ಅದಕ್ಕೆ ಒಂದೇ. ಕೊಂಬಿಗೂ ಹೀಗೇ ಮಾಡಬಹುದಲ್ವಾ?

ಒಂದು ಪ್ಲೈವುಡ್ ಹಲಗೆಗೆ 80 ನಂಬರಿನ ಒರಟು ಸ್ಯಾಂಡ್‌ಪೇಪರ್ (ನಂಬರ್ ಹೆಚ್ಚಿದಷ್ಟೂ ನಯ) ಅಂಟಿಸಿ, ಹಲಗೆಯನ್ನು ಮೇಜಿಗೆ ಕ್ಲಾಂಪ್ ಮಾಡಿ. ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು ಅದರ ಮೇಲೆ ಉಜ್ಜಿ. ಬುಡವನ್ನು ಸಮ ಮಾಡಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ. ಹೊರಬಾಗಿಗೆ ದೊಡ್ಡ ಅರವನ್ನೇ ಹಲಗೆಗೆ ಕಟ್ಟಿ, ಕೊಂಬನ್ನು ಉರುಳಿಸುತ್ತಾ ತಳ್ಳಿ. ಒಳಬಾಗಿಗೆ ದುಂಡನೆಯ ಕೋಲಿಗೆ ಪೇಪರ್ ಸುತ್ತಿ, ಕೋಲನ್ನು ಮೇಜಿನ ಅಂಚಿನಿಂದ ಹೊರಗೆ ಚಾಚಿ ಕ್ಲಾಂಪ್ ಮಾಡಿ. ನಾಲ್ಕು ಇಂಚಿನ ಒಂದು ಸಿ ಕ್ಲಾಂಪ್ ಇದ್ದರೆ ಆಯಿತು, ಅದು ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ.

ಇದು ನಿಧಾನದ ಕೆಲಸ. ಉಳಿಯ ಕೆಲಸ ಇದರಲ್ಲಿ ಆಗುವುದಿಲ್ಲ. ಆದರೆ ಬೆರಳಿಗೆ ಅಪಾಯ ಬಹಳ ಕಡಿಮೆ, ಸದ್ದಿಲ್ಲ, ಕೊಂಬಿಗೆ ಯಾವ ಗುರುತೂ ಇಲ್ಲ. ಧೂಳು ಮಾತ್ರ ಜಾಸ್ತಿ. ಕೊಂಬಿನ ಧೂಳು ಎದೆಗೆ ಒಳ್ಳೆಯದಲ್ಲ. ಎನ್95 ಮಾಸ್ಕ್ ಹಾಕಿಕೊಳ್ಳಿ. ನೀರು ಹಾಕಿ ಉಜ್ಜುವ ಪೇಪರ್ ಬಳಸಿದರೆ ಧೂಳು ಅಷ್ಟಾಗಿ ಏಳುವುದಿಲ್ಲ. ಯಾವ ರೀತಿ ಹಿಡಿದರೂ ಈ ಮಾತು ಒಂದೇ.

ಮೂವರಿಗೆ ನಾನು ಹೇಳಿದ್ದು

ಬೆಂಗಳೂರಿನ ಗೆಳೆಯನಿಗೆ ವೈಸ್ ಬೇಡ ಅಂದೆ. ಎರಡು ಸಿ ಕ್ಲಾಂಪ್, ಒಂದು ಗಟ್ಟಿ ಹಲಗೆ, ಬಿರಡೆ, ಜೀನ್ಸಿನ ಮರಳುಚೀಲ. ಐದುನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಬಿರಡೆಯ ಬಾಲವನ್ನು ಹಲಗೆಗೆ ಕ್ಲಾಂಪ್ ಮಾಡುವುದು, ತುದಿಯ ಕೆಳಗೆ ಮರಳುಚೀಲ ಆನಿಸುವುದು. ಕೆಲಸ ಮುಗಿದ ಮೇಲೆ ಎಲ್ಲವೂ ಮಂಚದ ಕೆಳಗೆ ಹೋಗುತ್ತದೆ. ಅವನು ಮಾಡುತ್ತಿರುವುದು ಚಮಚ, ದೋಸೆ ಮಗುಚುವ ಸಣ್ಣ ಸಟ್ಟುಗ. ಅದಕ್ಕೆ ಇದು ಧಾರಾಳ ಸಾಕು. ಗರಗಸದ ಸದ್ದಿಗೆ ಪಕ್ಕದ ಮನೆಯವರು ಏನಾದರೂ ಅಂದರೆ, ಕೊಯ್ಯುವ ಕೆಲಸವನ್ನು ಊರಿಗೆ ಬಂದಾಗ ಒಟ್ಟಿಗೆ ಮಾಡಿಕೊಂಡು ಹೋಗು ಅಂದಿದ್ದೇನೆ.

ಅಕ್ಕನಿಗೆ ಜಾಗ ಇದೆ, ನೆಲಕ್ಕೆ ಕೂತು ಅಡಿಕೆ ಸುಲಿದು ಅಭ್ಯಾಸ ಇದೆ. ಅವಳಿಗೆ ಗಿಡ್ಡ ಬೆಂಚಿನ ಕಾಲ್ಪಟ್ಟಿ. ಕೊಯ್ಯುವುದಕ್ಕೆ ಭಾವನ ಶೆಡ್ಡಿನಲ್ಲಿರುವ ಹಳೆ ವೈಸಿಗೆ ಮೆದು ಹಲಗೆ ಮಾಡಿಕೊಟ್ಟೆ. ಅವಳು ಬಾಚಣಿಗೆ ಮಾರುವ ಯೋಚನೆಯಲ್ಲಿದ್ದಾಳೆ. ತಿಂಗಳಿಗೆ ಹತ್ತಿಪ್ಪತ್ತು ಮಾಡುವ ಹಾಗಾದರೆ ಕುದುರೆ ಬೆಂಚು ಮಾಡೋಣ ಅಂತ ಮಾತಾಗಿದೆ. ಅಷ್ಟು ಕೆಲಸ ಇದ್ದರೆ ಅದರ ಮರದ ದುಡ್ಡು ದಂಡ ಅಲ್ಲ.

ಮೇಷ್ಟ್ರಿಗೆ ಹೇಳುವುದು ಕಷ್ಟವಾಯಿತು. ಅವರಿಗೆ ಕಾಲ್ಪಟ್ಟಿಯ ಮೇಲೆ ಆಸೆ, ಮಂಡಿ ಬಿಡುವುದಿಲ್ಲ. ಕುರ್ಚಿಯಲ್ಲಿ ಕೂತು ಒಂದು ವಾರ ನೋಡಿದರು. ಸಂಜೆಗೆ ಕಾಲು ಊದುತ್ತಿತ್ತು. ಬಿಡಿ ಅಂದೆ. ಈಗ ಎದೆಯ ಎತ್ತರಕ್ಕೆ ಮೇಜು, ಅದರ ಮೇಲೆ ವೈಸ್, ವೈಸಿನಲ್ಲಿ ಎಂಟು ಮುಖದ ಬಾಲ ಇರುವ ಬಿರಡೆ. ಬಗ್ಗಬೇಕಾಗಿಲ್ಲ. ನಿಂತೋ ಎತ್ತರದ ಸ್ಟೂಲಿನ ಮೇಲೆ ಕೂತೋ ಕೆಲಸ ಮಾಡುತ್ತಾರೆ. ಒಟ್ಟು ಖರ್ಚು ಮೂರು ಸಾವಿರದೊಳಗೆ. ತಿರುಗಿಸುವುದು ನಿಧಾನವೇ, ಆದರೆ ಅವರಿಗೆ ಅವಸರ ಇಲ್ಲ. ಮೊಮ್ಮಗಳಿಗೆ ಅಂತ ಶುರು ಮಾಡಿದ ಮೀನಿನ ಆಕಾರದ ಬಾಚಣಿಗೆಯ ಬೆನ್ನು ಎಷ್ಟು ನಯವಾಗಿದೆ ಅಂದರೆ, ನನ್ನ ಕೈಯಲ್ಲಿ ಅಷ್ಟು ನಯ ಬಂದಿಲ್ಲ.

ಹಿಡಿಯುವ ಭಾಗವನ್ನು ಕೊಯ್ಯುವ ದಿನ

ಯಾವ ದಾರಿ ಹಿಡಿದರೂ ಕೊನೆಗೆ ಒಂದು ಕಷ್ಟ ಉಳಿಯುತ್ತದೆ. ಬಿರಡೆ ಇದ್ದ ಅಂಚನ್ನು ಕೊಯ್ದು ತೆಗೆಯಬೇಕು. ಆಗ ಹಿಡಿಯಲು ಏನೂ ಇರುವುದಿಲ್ಲ, ಉಳಿದದ್ದೆಲ್ಲ ಪಾಲಿಶ್ ಆಗಿ ಜಾರುತ್ತಿರುತ್ತದೆ. ಹಾಗಾಗಿ ಈ ಕೆಲಸವನ್ನು ಪಾಲಿಶ್‌ಗೆ ಮೊದಲೇ ಮಾಡಿ. 220 ನಂಬರಿನ ಪೇಪರ್ ಮುಗಿದಾಗ ಸರಿಯಾದ ಹೊತ್ತು. ಬಿರಡೆ ಒಳಗೇ ಇರಲಿ, ಅಂಚು ಒಡೆಯದಂತೆ ಅದೇ ಕಾಯುತ್ತದೆ. ಕೊಯ್ಯುವ ಗೆರೆಗೆ ಸುತ್ತ ಟೇಪ್ ಹಾಕಿ. ಕೊಂಬಿನ ಮೈಗೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಸುತ್ತಿ, ಮರಳುಚೀಲದ ಮೇಲಿಟ್ಟು, ಕಾಲ್ಪಟ್ಟಿಯನ್ನೋ ಎಡಗೈಯನ್ನೋ ಮೇಲೆ ಒತ್ತಿ. ಹ್ಯಾಕ್ಸಾ ಬ್ಲೇಡಿನಲ್ಲಿ (ಕಬ್ಬಿಣ ಕೊಯ್ಯುವ ಗರಗಸದ ಅಲಗು) ಒಂದೇ ಕಡೆಯಿಂದ ಆರ್ಪಾರು ಕೊಯ್ಯಬೇಡಿ. ಸುತ್ತಲೂ ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಆಳ ಮಾಡಿ. ಕೊನೆಯ ಎಳೆ ಬಿಡುವ ಮೊದಲು ಬ್ಲೇಡನ್ನು ಒತ್ತುವುದು ನಿಲ್ಲಿಸಿ, ಬ್ಲೇಡಿನ ಭಾರವೇ ಕೊಯ್ಯಲಿ. ಆಮೇಲೆ ಸ್ಯಾಂಡ್‌ಪೇಪರ್ ಅಂಟಿಸಿದ ಹಲಗೆಯ ಮೇಲೆ ನಾಲ್ಕು ಸಲ ಉಜ್ಜಿದರೆ ಬಾಯಿ ಸಮವಾಗುತ್ತದೆ. 400, 600 ನಂಬರಿನ ಪೇಪರನ್ನು ನೀರು ಹಾಕಿ ತೊಡೆಯ ಮೇಲೆ ಇಟ್ಟುಕೊಂಡೇ ಉಜ್ಜಬಹುದು, ಆ ಹೊತ್ತಿಗೆ ಬರಿ ಕೈಯೇ ಸಾಕು.